ಹೆಣ್ಣು ಕಮ್ಮಿಯಾದದ್ದು ಯಾರಿಗೆ? ‘ಕರಿನಾಗರಗಳು’ ಕಥೆಯನ್ನು ಧನಕವಡಿಯಲ್ಲಿ ಓದುತ್ತಾ

ಧನಕವಡಿಯ ನಮ್ಮ ಓಣಿಯಲ್ಲಿ ಮಗು ಹುಟ್ಟಿದ ಸುದ್ದಿಯನ್ನು ಬಾಯಿಗಿಂತ ಮೊದಲು ಮಿಠಾಯಿ ಡಬ್ಬಿ ಹೇಳುತ್ತದೆ. ಪೇಢೆ ಬಂದರೆ ಗಂಡು, ಜಿಲೇಬಿ ಬಂದರೆ ಹೆಣ್ಣು. ಮಹಾರಾಷ್ಟ್ರದಲ್ಲಿ ಇದು ಹಳೆಯ ರೂಢಿ. ಕರ್ನಾಟಕದಿಂದ ಬಂದ ನಮ್ಮಂಥ ಮುಸ್ಲಿಂ ಮನೆಗಳೂ ಇಲ್ಲಿದ್ದು ಇದ್ದು ಅದನ್ನು ಕಲಿತಿವೆ. ನನ್ನ ಎರಡನೇ ಮಗಳು ಹುಟ್ಟಿದಾಗ ನಮ್ಮ ಮನೆಯಿಂದಲೂ ಜಿಲೇಬಿ ಹೋಯಿತು. ಪಕ್ಕದ ಮನೆಯ ಮರಾಠಿ ಅಜ್ಜಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು “ಅಸೂ ದೇ” ಅಂದರು. ಊರಿಂದ ಫೋನ್ ಮಾಡಿದ ಖಾಲಾ “ಕೋಯಿ ಬಾತ್ ನಯ್ ಮಾ” ಅಂದರು. ಅವರ ಮನೆಯಲ್ಲೇ ಕೂತಿದ್ದ ಲಿಂಗಾಯತ ಗೆಳತಿ ಫೋನ್ ಇಸಕೊಂಡು “ಇರ್ಲಿ ಬಿಡವ್ವಾ” ಅಂದಳು. ಮೂರು ಭಾಷೆ, ಮೂರು ಜಾತಿ-ಧರ್ಮ, ಆದರೆ ಸಮಾಧಾನ ಒಂದೇ. ಯಾರೂ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನನಗೆ ಆಗ ತೋಚಿದ ಪ್ರಶ್ನೆ ಇಷ್ಟೇ: ನಾನು ದುಃಖದಲ್ಲಿದ್ದೇನೆ ಅಂತ ಇವರಿಗೆಲ್ಲ ಯಾರು ಹೇಳಿದರು?

ಈ ಪ್ರಶ್ನೆ ಇಟ್ಟುಕೊಂಡೇ ನಾನು ಬಾನು ಮುಷ್ತಾಕ್ ಅವರ ‘ಕರಿನಾಗರಗಳು’ ಕಥೆಯನ್ನು ಮತ್ತೆ ಓದಿದೆ. 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ, ದೀಪಾ ಭಾಸ್ತಿ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ ಸಂಕಲನದ ಹನ್ನೆರಡು ಕಥೆಗಳಲ್ಲಿ ಇದೂ ಒಂದು. ಅದಕ್ಕೂ ಬಹಳ ಮೊದಲೇ, 2004ರಲ್ಲಿ, ಗಿರೀಶ್ ಕಾಸರವಳ್ಳಿಯವರು ಇದನ್ನು ಆಧರಿಸಿ ‘ಹಸೀನಾ’ ಸಿನಿಮಾ ಮಾಡಿದ್ದರು. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಬೂಕರ್ ಬಂದ ಮೇಲೆ ನಮ್ಮವರಲ್ಲಿ ಹೆಮ್ಮೆ ಪಟ್ಟವರು ಬಹಳ. ಕಥೆ ಓದಿದವರು ಅಷ್ಟಿಲ್ಲ. ಅದಕ್ಕೇ ಕಥೆಯಿಂದಲೇ ಶುರು ಮಾಡುತ್ತೇನೆ.

ಕಥೆ ಸರಳ. ಮೂರೂ ಹೆಣ್ಣೇ ಆದವು ಅಂತ ಗಂಡ ಹೆಂಡತಿಯನ್ನು ಬಿಟ್ಟು ಇನ್ನೊಂದು ಮದುವೆಯಾಗಿದ್ದಾನೆ. ಚಿಕ್ಕ ಕೂಸಿಗೆ ಕಾಯಿಲೆ, ಔಷಧಿಗೆ ದುಡ್ಡಿಲ್ಲ. ಅವಳು ಮಸೀದಿಯ ಮುತವಲ್ಲಿಯ ಹತ್ತಿರ ನ್ಯಾಯ ಕೇಳುತ್ತಾಳೆ. ಅವರು ನೋಡೋಣ, ಮಾಡೋಣ ಅನ್ನುತ್ತಾ ದಿನ ತಳ್ಳುತ್ತಾರೆ. ಧರ್ಮ ತನಗೆ ಯಾವ ಯಾವ ಹಕ್ಕು ಕೊಟ್ಟಿದೆ ಅನ್ನೋದನ್ನು ಅವಳಿಗೆ ಹೇಳಿಕೊಡುವುದು ಮುತವಲ್ಲಿಯಲ್ಲ, ಓದಿದ ಒಬ್ಬ ಹೆಂಗಸು. ಕೊನೆಗೆ ಅವಳು ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಅಂಗಳದಲ್ಲೇ ಕೂತುಬಿಡುತ್ತಾಳೆ. ನ್ಯಾಯ ಬರುವ ಮೊದಲು ಸಾವು ಬರುತ್ತದೆ, ಕೂಸು ಹೋಗುತ್ತದೆ. ಆಮೇಲೆ ಓಣಿಯ ಹೆಂಗಸರ ಸಿಟ್ಟು, ಶಾಪ ಎಲ್ಲ ಮುತವಲ್ಲಿಯ ಕಡೆಗೆ ತಿರುಗುತ್ತದೆ. ಹೆತ್ತು ಹೆತ್ತು ಸಾಕಾಗಿದ್ದ ಅವರ ಹೆಂಡತಿ ಅಮೀನಾ ಗಂಡನ ಅಪ್ಪಣೆಗೆ ಕಾಯದೆ ಆಪರೇಷನ್ ಮಾಡಿಸಿಕೊಳ್ಳಲು ಹೊರಡುತ್ತಾಳೆ.

ನಾನು ಉರ್ದು ಕಲಿಸುವ ಟೀಚರ್. ಒಂದು ಶನಿವಾರ ಒಂಬತ್ತನೇ ಕ್ಲಾಸಿನ ಹುಡುಗಿಯರಿಗೆ ಈ ಕಥೆಯನ್ನು ಉರ್ದುವಿನಲ್ಲಿ ಬಾಯಿಮಾತಲ್ಲಿ ಹೇಳಿದೆ. ಮುಗಿದ ಮೇಲೆ ಒಬ್ಬಳು ಕೇಳಿದಳು, “ಟೀಚರ್, ಮೂರರಲ್ಲಿ ಒಂದು ಗಂಡಾಗಿದ್ರೆ ಅವನು ಬಿಟ್ಟು ಹೋಗ್ತಿದ್ನಾ?” ನಾನು ಉತ್ತರ ಹುಡುಕುವಷ್ಟರಲ್ಲಿ ಹಿಂದಿನ ಬೆಂಚಿನವಳು ಹೇಳಿದಳು, “ಹೋಗ್ತಿರ್ಲಿಲ್ಲ. ಆದ್ರೆ ಉಳಿದ ಎರಡಕ್ಕೆ ಔಷಧಿ ಆಗಲೂ ಸಿಗ್ತಿರ್ಲಿಲ್ಲ.” ಎರಡನೇ ಹುಡುಗಿಯ ಮಾತು ಕಥೆಗೆ ಬರೆದ ಒಳ್ಳೆಯ ವಿಮರ್ಶೆ ಅಂತ ನನಗನಿಸಿತು. ಯಾಕೆ ಅಂತ ವಿವರಿಸುತ್ತೇನೆ.

ಈ ಕಥೆಯನ್ನು ಸಾಮಾನ್ಯವಾಗಿ ಎರಡು ತಪ್ಪು ರೀತಿಯಲ್ಲಿ ಓದುತ್ತಾರೆ. ಹೊರಗಿನ ಕೆಲವರು “ನೋಡಿ, ಮುಸ್ಲಿಮರಲ್ಲಿ ಹೆಣ್ಣಿನ ಸ್ಥಿತಿ ಹೀಗೆ” ಅನ್ನುತ್ತಾರೆ. ನಮ್ಮೊಳಗಿನ ಕೆಲವರು “ನಮ್ಮಲ್ಲಿ ಇಂಥದ್ದಿಲ್ಲ, ಹೆಣ್ಣು ಭ್ರೂಣ ಕೊಲ್ಲುವವರು ಬೇರೆಯವರು, ಈಕೆ ಸಮುದಾಯದ ಮಾನ ಕಳೆದರು” ಅನ್ನುತ್ತಾರೆ. ಇಬ್ಬರ ಮುಂದೆಯೂ ಅಂಕಿ ಇಡೋಣ. 2011ರ ಜನಗಣತಿಯಲ್ಲಿ ಆರು ವರ್ಷದವರೆಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ ದೇಶದಲ್ಲಿ 918 ಹೆಣ್ಣು. ಹಿಂದೂಗಳಲ್ಲಿ 913, ಮುಸ್ಲಿಮರಲ್ಲಿ 943, ಕ್ರೈಸ್ತರಲ್ಲಿ 958, ಸಿಖ್ಖರಲ್ಲಿ 828. ಪ್ರಕೃತಿಯ ಲೆಕ್ಕದಲ್ಲಿ ಸುಮಾರು 105 ಗಂಡಿಗೆ 100 ಹೆಣ್ಣು ಹುಟ್ಟುತ್ತವೆ, ಅಂದರೆ ಸಾವಿರಕ್ಕೆ ಸುಮಾರು 950. ಹಾಗಾಗಿ ಮೊದಲನೆಯವರ ಆರೋಪಕ್ಕೆ ಈ ಅಂಕಿಯಲ್ಲಿ ಆಧಾರವಿಲ್ಲ. ಎರಡನೆಯವರು ಇಷ್ಟಕ್ಕೇ ಖುಷಿ ಪಡುವ ಹಾಗೂ ಇಲ್ಲ. 2001ರಲ್ಲಿ ನಮ್ಮ ಸಂಖ್ಯೆ 950 ಇತ್ತು, ಹತ್ತು ವರ್ಷದಲ್ಲಿ ಏಳು ಇಳಿದಿದೆ. ಅದಕ್ಕಿಂತ ದೊಡ್ಡ ವಿಷಯ, ಬಾನು ಅವರ ಕಥೆಯಲ್ಲಿ ಯಾವ ಹೆಣ್ಣನ್ನೂ ಹೊಟ್ಟೆಯಲ್ಲಿ ಕೊಂದಿಲ್ಲ. ಮೂರೂ ಹುಟ್ಟಿವೆ, ಮೂರೂ ಜನಗಣತಿಯ ಲೆಕ್ಕಕ್ಕೆ ಸೇರುತ್ತವೆ. ಹುಟ್ಟಿದ ಮೇಲೆ ಹಾಲಿಲ್ಲ, ಔಷಧಿಯಿಲ್ಲ, ಅಪ್ಪನಿಲ್ಲ. ಅಂಕಿ ಸರಿ ಇದ್ದ ಮಾತ್ರಕ್ಕೆ ಸ್ಥಿತಿ ಸರಿ ಇದೆ ಅಂತಲ್ಲ. ಹಿಂದಿನ ಬೆಂಚಿನ ಹುಡುಗಿ ಹೇಳಿದ್ದು ಇದನ್ನೇ.

ಜೀವಂತ ಹೂಳಲ್ಪಟ್ಟ ಹೆಣ್ಣುಮಗುವಿಗೆ ಒಂದು ದಿನ ನ್ಯಾಯ ಕೇಳಲಾಗುತ್ತದೆ ಅನ್ನುವ ಕುರ್‌ಆನಿನ ಮಾತನ್ನು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ, ಹೇಳಬೇಕು ಕೂಡ. ಆದರೆ ಹೆಣ್ಣು ಹುಟ್ಟಿದ ಸುದ್ದಿ ಕೇಳಿ ಮುಖ ಕಪ್ಪಿಟ್ಟವರ ಬಗ್ಗೆಯೂ ಅದೇ ಗ್ರಂಥ ಹೇಳುತ್ತದೆ. ಹೂಳುವುದನ್ನು ನಾವು ಬಿಟ್ಟಿದ್ದೇವೆ. ಮುಖ ಕಪ್ಪಿಡುವುದನ್ನು ಬಿಟ್ಟಿದ್ದೇವೆಯೇ?

ಇಲ್ಲಿಂದ ನಮ್ಮ ಮನೆ ಹತ್ತಿರದ ರಸ್ತೆಗೆ ಬರುತ್ತೇನೆ. ಧನಕವಡಿಯ ಪಕ್ಕದಲ್ಲಿ ಹೋಗುವುದು ಪುಣೆ-ಸಾತಾರಾ ರಸ್ತೆ. ಕಾತ್ರಜ್ ಘಾಟ್ ಹತ್ತಿ ಮುಂದೆ ಹೋದರೆ ಸಾತಾರಾ ಜಿಲ್ಲೆ. ಅಲ್ಲಿ 2011ರ ಅಕ್ಟೋಬರ್‌ನಲ್ಲಿ ಒಂದು ವಿಚಿತ್ರ ಸಮಾರಂಭ ನಡೆಯಿತು. ಸುಮಾರು 280 ಹುಡುಗಿಯರಿಗೆ ಸರ್ಕಾರದ ವತಿಯಿಂದ ಹೊಸ ಹೆಸರು ಇಡಲಾಯಿತು. ಅವರ ಹಳೆಯ ಹೆಸರು ‘ನಕುಸಾ’ ಅಥವಾ ‘ನಕುಶಿ’. ಮರಾಠಿಯಲ್ಲಿ ಅದರ ಅರ್ಥ ‘ಬೇಡವಾದವಳು’. ಒಂದರ ಮೇಲೊಂದು ಹೆಣ್ಣಾದಾಗ, ಹೀಗೆ ಹೆಸರಿಟ್ಟರೆ ಮುಂದಿನದು ಗಂಡಾಗುತ್ತದೆ ಅನ್ನೋ ನಂಬಿಕೆ. ಶಾಲೆಯ ಹಾಜರಿಯಲ್ಲಿ ದಿನಾ ಬೆಳಿಗ್ಗೆ “ಬೇಡವಾದವಳು” ಅಂತ ಕೂಗಿದರೆ “ಹಾಜರ್” ಅನ್ನಬೇಕಾದ ಮಗುವನ್ನು ನೆನೆಸಿಕೊಳ್ಳಿ. ಹಾಜರಿ ಕೂಗುವ ಕೆಲಸದವಳು ನಾನು, ನನಗೆ ಅದು ಕಿವಿಯಲ್ಲಿ ಕೇಳಿಸುತ್ತದೆ.

ಕನ್ನಡದವರು ಮರಾಠಿಯವರ ಕಡೆ ಬೆರಳು ತೋರಿಸುವುದು ಬೇಡ. ನಮ್ಮ ಹಳ್ಳಿಗಳಲ್ಲಿ ಇದ್ದ ‘ಸಾಕವ್ವ’, ‘ಸಾಕಮ್ಮ’ ಹೆಸರುಗಳ ಹಿಂದೆ ಎಷ್ಟೋ ಮನೆಗಳಲ್ಲಿ ‘ಹೆಣ್ಣು ಇನ್ನು ಸಾಕು’ ಅನ್ನುವ ಹರಕೆ ಇತ್ತು. ದೂರದ ಚೀನಾದಲ್ಲಿ ಇದೇ ಕೆಲಸವನ್ನು ‘ಝಾವೋದಿ’ ಅನ್ನುವ ಹೆಸರು ಮಾಡುತ್ತಿತ್ತು. ಅರ್ಥ, ‘ತಮ್ಮನನ್ನು ಕರೆಯುವವಳು’. ಭಾಷೆ, ಧರ್ಮ, ರಾಜಕೀಯ ಯಾವುದೂ ಹೊಂದದ ಮೂರು ಕಡೆ ಹೆಣ್ಣಿನ ಹೆಸರು ಅವಳದ್ದಲ್ಲ. ಅದು ಇನ್ನೂ ಹುಟ್ಟದ ಒಬ್ಬ ಗಂಡಿಗೆ ಕಳಿಸಿದ ಕಾಗದ.

ಚೀನಾದ ವಿಷಯ ಬಂದದ್ದಕ್ಕೆ ಅದನ್ನು ಸ್ವಲ್ಪ ನೋಡೋಣ. ಇಷ್ಟು ದೊಡ್ಡ ಪ್ರಮಾಣದಲ್ಲಿ ಹೆಣ್ಣಿನ ಕೊರತೆ ಆದಾಗ ಹೆಣ್ಣಿನ ಸ್ಥಿತಿ ಏನಾಗುತ್ತದೆ ಅನ್ನೋದಕ್ಕೆ ಅದಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ. ಕ್ರಾಂತಿಯ ಮರುವರ್ಷವೇ, 1950ರ ಮದುವೆ ಕಾನೂನಿನಲ್ಲಿ, ಒತ್ತಾಯದ ಮದುವೆ, ಬಾಲ್ಯವಿವಾಹ, ಉಪಪತ್ನಿ ಪದ್ಧತಿ ಎಲ್ಲ ರದ್ದಾಯಿತು. ಹೆಂಗಸರು ಓದಿದರು, ಕಾರ್ಖಾನೆಗೆ ಹೋದರು. ಓದು, ದುಡಿಮೆ ಬಂದರೆ ಗಂಡುಮಗುವಿನ ಹಂಬಲ ತಾನಾಗಿ ಹೋಗುತ್ತದೆ ಅನ್ನುವುದು ನಮ್ಮ ಬಿ.ಎಡ್. ಪುಸ್ತಕದ ಮಾತು. ಅಲ್ಲಿ ಹಾಗಾಗಲಿಲ್ಲ. 1980ರ ಹೊತ್ತಿಗೆ ‘ಒಂದೇ ಮಗು’ ನೀತಿ ಬಂತು, ಹಿಂದೆಯೇ ಸ್ಕ್ಯಾನಿಂಗ್ ಯಂತ್ರ ಬಂತು. 2004ರ ಹೊತ್ತಿಗೆ ನೂರು ಹೆಣ್ಣು ಹುಟ್ಟಿದರೆ ಗಂಡು ಹುಟ್ಟುತ್ತಿದ್ದದ್ದು ಸುಮಾರು 121. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸಾವಿರ ಗಂಡಿಗೆ 826 ಹೆಣ್ಣು. 2020ರ ಗಣತಿಯ ಹೊತ್ತಿಗೆ ಅದು 111.3ಕ್ಕೆ ಇಳಿದಿತ್ತು, ಅಂದರೆ ಸಾವಿರಕ್ಕೆ 898. ಇದು ಹುಟ್ಟಿನ ಲೆಕ್ಕ. ನಮ್ಮದು ಆರು ವರ್ಷದವರೆಗಿನ ಮಕ್ಕಳ ಲೆಕ್ಕ, ಎರಡನ್ನೂ ಪೂರ್ತಿ ಸರಿದೂಗಿಸಲು ಬರುವುದಿಲ್ಲ. ಆದರೂ ಒಂದು ಅಂದಾಜಿಗೆ ಹೇಳುತ್ತೇನೆ: 2011ರಲ್ಲಿ ಮಹಾರಾಷ್ಟ್ರದ ಸಂಖ್ಯೆ 894. ಹತ್ತು ವರ್ಷ ಹಿಂದೆ ಅದು 913 ಇತ್ತು. ಕರ್ನಾಟಕ 946ರಿಂದ 948ಕ್ಕೆ ಹೋಗಿ ಹೆಚ್ಚುಕಮ್ಮಿ ನಿಂತಲ್ಲೇ ನಿಂತಿತ್ತು. ಕಾರ್ಖಾನೆ, ಕಾಲೇಜು, ಐಟಿ ಕಂಪನಿ ಎಲ್ಲ ಇರುವ ರಾಜ್ಯದಲ್ಲೇ ಹೆಣ್ಣುಮಕ್ಕಳು ಕಮ್ಮಿಯಾದರು. ಬಡತನ, ಅಜ್ಞಾನ ಅನ್ನೋ ಸುಲಭದ ಉತ್ತರ ಇಲ್ಲಿ ಸಾಲುವುದಿಲ್ಲ.

ಚೀನಾದ ನೀತಿಯಲ್ಲಿ ಒಂದು ಸಣ್ಣ ವಿವರ ಇದೆ. 1984ರಿಂದ ಹಳ್ಳಿಗಾಡಿನ ಬಹುಪಾಲು ಕಡೆ, ಮೊದಲನೆಯದು ಹೆಣ್ಣಾದರೆ ಎರಡನೇ ಮಗುವಿಗೆ ಅನುಮತಿ ಕೊಟ್ಟರು. ಗಂಡಾದರೆ ಇಲ್ಲ. ಜನ ಅದನ್ನು ‘ಒಂದೂವರೆ ಮಗು’ ನೀತಿ ಅಂತ ಕರೆದರು. ಅಂದರೆ ಹೆಣ್ಣು ಹುಟ್ಟಿದರೆ ಲೆಕ್ಕ ಪೂರ್ತಿಯಾಗಿಲ್ಲ ಅಂತ ಸರ್ಕಾರವೇ ಬರೆದುಕೊಟ್ಟ ಹಾಗಾಯಿತು. ಓಣಿಯ ಅಜ್ಜಿ ಬಾಯಲ್ಲಿ ಹೇಳಿದ “ಅಸೂ ದೇ” ಅಲ್ಲಿ ಕಾನೂನಿನ ಪುಸ್ತಕ ಸೇರಿತು.

ಈಗ ನಮ್ಮಲ್ಲಿ ಬಹಳ ಜನ ನಂಬಿರುವ ಒಂದು ವಾದಕ್ಕೆ ಬರೋಣ. “ಹೆಣ್ಣು ಕಮ್ಮಿ ಆಗ್ಲಿ ಬಿಡ್ರಿ, ಆಗ ಬೆಲೆ ಗೊತ್ತಾಗುತ್ತೆ, ವರದಕ್ಷಿಣೆ ತಾನಾಗಿ ನಿಲ್ಲುತ್ತೆ” ಅನ್ನುತ್ತಾರೆ. ಕೊರತೆಯಾದದ್ದಕ್ಕೆ ಬೆಲೆ ಏರುತ್ತದೆ ನಿಜ. ಆದರೆ ಬೆಲೆ ಏರುವುದು ಸಾಮಾನಿಗೆ. 2020ರ ಗಣತಿಯ ಪ್ರಕಾರ ಚೀನಾದಲ್ಲಿ ಹೆಂಗಸರಿಗಿಂತ ಗಂಡಸರು ಸುಮಾರು 3.49 ಕೋಟಿ ಹೆಚ್ಚು. ಅಲ್ಲಿ ವಧುವಿನ ಮನೆಗೆ ಕೊಡುವ ಹಣ ಏರಿತು, ನೆರೆಯ ಬಡ ದೇಶಗಳಿಂದ ಹೆಣ್ಣುಮಕ್ಕಳನ್ನು ಮೋಸದಿಂದ ತಂದು ಮಾರುವ ದಂಧೆ ಬೆಳೆಯಿತು. ಹೆಣ್ಣಿಗೆ ಗೌರವ ಏರಿತೇ? ಅದೇ ದೇಶದಲ್ಲಿ ಓದಿ, ದುಡಿದು, ಇಪ್ಪತ್ತೇಳು ದಾಟಿದರೂ ಮದುವೆಯಾಗದವಳಿಗೆ ‘ಶೆಂಗ್ ನ್ಯೂ’ ಅಂದರು, ‘ಉಳಿದುಹೋದವಳು’ ಅಂತ. ಹೆಣ್ಣೇ ಸಾಲದ ದೇಶದಲ್ಲಿ ಹೆಣ್ಣು ‘ಉಳಿದುಹೋಗುವುದು’ ಹೇಗೆ? ಅಂಗಡಿಯ ಲೆಕ್ಕ ಇಟ್ಟಾಗ ಮಾತ್ರ ಆ ಮಾತಿಗೆ ಅರ್ಥ ಬರುತ್ತದೆ.

ನಮ್ಮ ಕಡೆಯೂ ಇದು ಶುರುವಾಗಿದೆ. 2022ರ ಡಿಸೆಂಬರ್‌ನಲ್ಲಿ ಸೊಲ್ಲಾಪುರದಲ್ಲಿ ಮದುವೆಯಾಗದ ಗಂಡಸರು ಮದುಮಗನ ವೇಷ ಹಾಕಿ, ಕೆಲವರು ಕುದುರೆ ಏರಿ, ಕಲೆಕ್ಟರ್ ಕಚೇರಿಗೆ ಮೆರವಣಿಗೆ ಹೋದರು. ಭ್ರೂಣ ಲಿಂಗ ಪತ್ತೆ ತಡೆ ಕಾನೂನನ್ನು ಸರಿಯಾಗಿ ಜಾರಿ ಮಾಡಿ ಅನ್ನುವುದು ಅವರ ಬೇಡಿಕೆ. ಎರಡು ತಿಂಗಳ ನಂತರ, 2023ರ ಫೆಬ್ರವರಿಯಲ್ಲಿ, ಮಂಡ್ಯ ಕಡೆಯ ಅವಿವಾಹಿತ ಯುವಕರು ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಅವರನ್ನು ನೋಡಿ ನಗುವುದು ಸರಿಯಲ್ಲ. ಹೊಲ ನಂಬಿದ ಹುಡುಗನಿಗೆ ಹೆಣ್ಣು ಸಿಗದ ನೋವು ನಿಜವಾದ ನೋವೇ, ಅದಕ್ಕೆ ಬೇಸಾಯದ ಕಷ್ಟವೂ ಕಾರಣ. ಆದರೆ ಬೇಡಿಕೆಯ ಮಾತನ್ನು ಗಮನಿಸಿ. ಹುಟ್ಟದೇ ಹೋದ ಹೆಣ್ಣನ್ನು ನಾವು ನೆನೆಯುವುದು ನಮಗೆ ಸಿಗದ ವಧುವಾಗಿ. ಅವಳು ಬದುಕಬೇಕಿತ್ತು, ಓದಬೇಕಿತ್ತು, ಮದುವೆಯಾಗದೆ ಇರಬೇಕೆನಿಸಿದರೆ ಹಾಗೇ ಇರಬೇಕಿತ್ತು ಅಂತ ಮೆರವಣಿಗೆ ಹೋದವರನ್ನು ನಾನು ಕಂಡಿಲ್ಲ. ಹೆಣ್ಣು ಕಮ್ಮಿಯಾದದ್ದು ಯಾರಿಗೆ? ಗಂಡಿಗೆ ಕಮ್ಮಿಯಾದಳು ಅಂತ ಅಳುವ ಸಮಾಜ, ಅವಳ ಜೀವ ಅವಳಿಗೇ ಇಲ್ಲವಾಯಿತು ಅಂತ ಅಳುವುದಿಲ್ಲ.

ಬಾನು ಅವರ ಕಥೆ ದೊಡ್ಡದಾಗುವುದು ಇಲ್ಲಿ. ಅದರಲ್ಲಿ ಕೂಸು ಸತ್ತಾಗ ಯಾರಿಗೂ ಸೊಸೆ ಕಮ್ಮಿಯಾಗುವುದಿಲ್ಲ. ಒಬ್ಬ ತಾಯಿಗೆ ಮಗಳು ಕಮ್ಮಿಯಾಗುತ್ತಾಳೆ, ಅಷ್ಟೇ. ಓಣಿಯ ಹೆಂಗಸರು ಅವಳ ಜೊತೆ ನಿಲ್ಲುವುದು ಯಾವ ಉಪಯೋಗಕ್ಕೂ ಅಲ್ಲ.

ಅಮೀನಾಳ ಆಪರೇಷನ್ ಬಗ್ಗೆಯೂ ಹೇಳಬೇಕು. ‘ಹಸೀನಾ’ ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು ‘ಕುಟುಂಬ ಕಲ್ಯಾಣ’ ವಿಭಾಗದಲ್ಲಿ. ಸರ್ಕಾರಿ ಭಾಷೆಯಲ್ಲಿ ಈ ಮಾತು ಕೇಳಿದ ಕೂಡಲೇ ನಮಗೆ ನೆನಪಾಗುವುದು ಆಸ್ಪತ್ರೆ ಗೋಡೆಯ ಸಂತಾನ ನಿಯಂತ್ರಣದ ಪೋಸ್ಟರ್. ಮೂಲ ಕಥೆಯನ್ನು ಆ ಪೋಸ್ಟರಿನ ಪಕ್ಕ ನಿಲ್ಲಿಸಿದರೆ ಅನ್ಯಾಯ. 1983ರ ಒಂದೇ ವರ್ಷದಲ್ಲಿ ಚೀನಾ ಸುಮಾರು ಎರಡು ಕೋಟಿ ಜನರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿತು. ಅವರಲ್ಲಿ ಬಹುಪಾಲು ಹೆಂಗಸರು, ಬಹಳಷ್ಟು ಒತ್ತಾಯದಿಂದ. 2016ರಲ್ಲಿ ಎರಡು ಮಗು, 2021ರಲ್ಲಿ ಮೂರು ಮಗು ಅಂತ ಸರ್ಕಾರ ಮಾತು ಬದಲಿಸಿತು. ನಿನ್ನೆ ಹೆರಬೇಡ ಅಂದವರೇ ಇವತ್ತು ಹೆರು ಅನ್ನುತ್ತಾರೆ. ಅಮೀನಾಳಿಗೆ ಆಗುವುದೂ ಅದೇ ಆಪರೇಷನ್, ಅದೇ ಕತ್ತರಿ. ವ್ಯತ್ಯಾಸ ಒಂದೇ: ಹೊರಟವಳು ಅವಳೇ, ನಿರ್ಧಾರ ಅವಳದೇ. ಹೆಣ್ಣಿನ ಸ್ಥಿತಿ ಬದಲಾಯಿತೇ ಅಂತ ಅಳೆಯಲು ನನಗೆ ಗೊತ್ತಿರುವ ಅಳತೆಗೋಲು ಇದು. ಎಷ್ಟು ಮಕ್ಕಳು ಅನ್ನೋದಕ್ಕಿಂತ ಯಾರ ತೀರ್ಮಾನ ಅನ್ನೋದು ಮುಖ್ಯ. ಮುತವಲ್ಲಿ, ಪಕ್ಷದ ಕಾರ್ಯದರ್ಶಿ, ಅತ್ತೆ, ಡಾಕ್ಟರು ಯಾರೇ ಆಗಲಿ, ಅವಳ ಪರವಾಗಿ ತೀರ್ಮಾನ ಮಾಡುವವರೆಗೆ ಅಂಕಿ ಏರಬಹುದು, ಇಳಿಯಬಹುದು, ಸ್ಥಿತಿ ಬದಲಾಗುವುದಿಲ್ಲ.

ಹಾಗಂತ ಕಾನೂನು ಬೇಡ ಅಂತಲ್ಲ. ಭ್ರೂಣ ಲಿಂಗ ಪತ್ತೆಯನ್ನು ಕಾನೂನಿನಿಂದ ತಡೆಯಲು ಮೊದಲು ಹೊರಟ ರಾಜ್ಯ ಮಹಾರಾಷ್ಟ್ರವೇ, 1988ರಲ್ಲಿ. ದೇಶದ ಕಾನೂನು ಬಂದದ್ದು 1994ರಲ್ಲಿ. ಅದು ಕಾಗದದಲ್ಲೇ ಉಳಿದಾಗ 2000ದಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ‘ಸೇಹತ್’, ಪುಣೆಯ ‘ಮಾಸೂಮ್’ ಮತ್ತು ಸಾಬು ಜಾರ್ಜ್. ಕೋರ್ಟಿನ ಆದೇಶಗಳ ನಂತರ 2003ರಲ್ಲಿ ಕಾನೂನು ಬಿಗಿಯಾಯಿತು. ಸೇಹತ್, ಮಾಸೂಮ್, ಎರಡೂ ಉರ್ದು ಕ್ಲಾಸಿನಲ್ಲಿ ನಾನು ದಿನಾ ಬರೆಯುವ ಪದಗಳು: ಆರೋಗ್ಯ, ಮುಗ್ಧ. ನನ್ನ ವಿದ್ಯಾರ್ಥಿನಿಯರಿಗೆ ಇದನ್ನು ಹೇಳಿದಾಗ ಅವರಿಗೆ ಖುಷಿಯಾಯಿತು. ಆದರೆ ಕಾನೂನು ಸ್ಕ್ಯಾನಿಂಗ್ ಕೋಣೆಯ ಬಾಗಿಲವರೆಗೆ ಬರಬಹುದು, ಅಡುಗೆಮನೆಯಲ್ಲಿ ಹಾಲು ಹಂಚುವಲ್ಲಿಗೆ ಬರುವುದಿಲ್ಲ. ಆಸ್ತಿ ಹಂಚುವಾಗಲೂ ಹಾಗೇ. ಧರ್ಮ ಮಗಳಿಗೆ ಗೊತ್ತುಮಾಡಿದ ಪಾಲನ್ನು ಎಷ್ಟು ಮನೆಗಳಲ್ಲಿ ಕೊಟ್ಟಿದ್ದಾರೆ? “ತಂಗಿ ತಾನಾಗೇ ಮಾಫ್ ಮಾಡಿದ್ಲು” ಅನ್ನುತ್ತಾರೆ. ಕೇಳದೆ ಇದ್ದವಳು ಮಾಫ್ ಮಾಡಿದವಳು ಹೇಗಾಗುತ್ತಾಳೆ? ಬಾನು ಅವರ ಮುತವಲ್ಲಿ ಹಕ್ಕಿನ ಮಾತು ಹೇಳದೆ ಬಿಟ್ಟ ಹಾಗೆ, ನಾವೂ ನಮ್ಮ ಮನೆಗಳಲ್ಲಿ ಆ ಪುಟ ತಿರುಗಿಸಿಬಿಡುತ್ತೇವೆ.

ಕಥೆಯಲ್ಲಿ ನನಗೆ ಒಪ್ಪದ ಎರಡು ವಿಷಯವನ್ನೂ ಹೇಳಿಬಿಡುತ್ತೇನೆ. ಒಂದು, ಹುಡುಗಿಯರಿಗಿಂತ ಅವರ ಸುತ್ತಲಿನ ದೊಡ್ಡವರಿಗೇ ಕಥೆಯಲ್ಲಿ ಜಾಗ ಜಾಸ್ತಿ. ಉಳಿದ ಹೆಣ್ಣುಮಕ್ಕಳು ಮುಂದೆ ಏನಾದರು, ಆ ರಾತ್ರಿಯನ್ನು ಹೇಗೆ ನೆನಪಿಟ್ಟುಕೊಂಡರು ಅಂತ ಓದುಗರಿಗೆ ತಿಳಿಯುವುದಿಲ್ಲ. ಎರಡು, ಮುತವಲ್ಲಿಯ ಕ್ರೌರ್ಯ ಸ್ಪಷ್ಟವಾಗಿ ಕಾಣುತ್ತದೆ, ಅದಕ್ಕೇ ಓದುಗನಿಗೆ ತಪ್ಪಿಸಿಕೊಳ್ಳೋದು ಸುಲಭ. “ನಾನು ಅಂಥವನಲ್ಲ” ಅಂತ ಪುಸ್ತಕ ಮುಚ್ಚಬಹುದು. ನಿಜ ಜೀವನದಲ್ಲಿ ಹೆಣ್ಣನ್ನು ಕಮ್ಮಿ ಮಾಡುವವರು ಬಹಳ ಸಲ ಒಳ್ಳೆಯವರು, ಪ್ರೀತಿಯವರು, ಜಿಲೇಬಿ ತಿಂದು ಸಮಾಧಾನ ಹೇಳುವವರು. ಆ ಒಳ್ಳೆಯವರ ಕಥೆಯನ್ನು ಮುಂದಿನ ತಲೆಮಾರಿನ ಯಾರಾದರೂ ಬರೆಯಬೇಕು. ನನ್ನ ಹಿಂದಿನ ಬೆಂಚಿನ ಹುಡುಗಿ ಬರೆದರೂ ಬರೆದಾಳು.

ಓದುಗರಲ್ಲಿ ಒಂದೇ ಕೇಳಿಕೆ. ಮುಂದಿನ ಸಲ ಯಾರ ಮನೆಯಲ್ಲಾದರೂ ಹೆಣ್ಣು ಹುಟ್ಟಿದ ಸುದ್ದಿ ಬಂದರೆ “ಪರವಾಗಿಲ್ಲ” ಅನ್ನಬೇಡಿ. “ಮುಬಾರಕ್” ಅನ್ನಿ, “ಹೆಸರೇನು ಇಡ್ತೀರಿ?” ಅಂತ ಕೇಳಿ. ಮೂರನೇ ಹೆಣ್ಣಾದರೂ ಅದನ್ನೇ ಕೇಳಿ. ನನ್ನ ಎರಡನೇ ಮಗಳಿಗೆ ಈಗ ಆರು ವರ್ಷ. ಮೊನ್ನೆ ಅವಳ ಗೆಳತಿಗೆ ತಮ್ಮ ಹುಟ್ಟಿದ, ಅವರ ಮನೆಯಿಂದ ಪೇಢೆ ಬಂತು. “ಅಮ್ಮೀ, ನಾನು ಹುಟ್ಟಿದಾಗ ಏನು ಹಂಚಿದ್ರಿ?” ಅಂತ ಕೇಳಿದಳು. ಜಿಲೇಬಿ ಅಂದೆ. ಸ್ವಲ್ಪ ಯೋಚಿಸಿ, “ಜಿಲೇಬಿಯೇ ಚೆನ್ನಾಗಿರುತ್ತೆ” ಅಂದಳು. ಅವಳಿಗೆ ಆ ಡಬ್ಬಿಗಳ ಅರ್ಥ ಇನ್ನೂ ಗೊತ್ತಿಲ್ಲ. ಗೊತ್ತಾಗುವಷ್ಟರಲ್ಲಿ ಆ ಅರ್ಥ ಹೋಗಿರಬೇಕು ಅನ್ನೋದು ನನ್ನ ಆಸೆ.